ಮಕ್ಕಳ ರೂಮಿನ ಮೂಲೇಲಿ ಸಕ್ಷನ್ ಮಿಷನ್ ಇರೋ ಮನೆಗಳ ಬಗ್ಗೇನೂ ಒಂದ್ಸಲ ಬರೀರಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪುರವಣೀಲಿ ಮಕ್ಕಳ ರೂಮು ಹೇಗಿರ್ಬೇಕು ಅಂತ ಬರೋ ಲೇಖನಗಳನ್ನ ನಾನು ಬಿಡದೆ ಓದ್ತೀನಿ. ಗೋಡೆಗೆ ಯಾವ ಬಣ್ಣ, ಆಟದ ಸಾಮಾನಿಗೆ ಎಂಥ ಬುಟ್ಟಿ, ಇಬ್ಬರು ಮಕ್ಕಳಿದ್ರೆ ಬಂಕ್ ಬೆಡ್ ಒಳ್ಳೇದಾ ಬೇಡ್ವಾ, ಎಲ್ಲ ಉಪಯೋಗಕ್ಕೆ ಬರೋದೇ. ಆದ್ರೆ ಒಂದು ಥರದ ರೂಮು ಮಾತ್ರ ಆ ಫೋಟೋಗಳಲ್ಲಿ ಬರೋದೇ ಇಲ್ಲ. ಒಂದು ಮಂಚದಲ್ಲಿ ಶಾಲೆಗೆ ಹೋಗೋ ಮಗು, ಇನ್ನೊಂದು ಮಂಚದಲ್ಲಿ ಮೂಗಿಗೆ ಆಕ್ಸಿಜನ್ ಪೈಪ್ ಹಾಕ್ಕೊಂಡು ಮಲಗೋ ಮಗು, ಮಧ್ಯೆ ಮಿಷನ್ನುಗಳು. ಇಂಥ ಮನೆಗಳು ಈಗ ಕಡಿಮೆ ಏನಿಲ್ಲ, ಐಸಿಯುನಿಂದ ಉಳಿದು ಬಂದ ಮಕ್ಕಳನ್ನ ಮನೇಲೇ ನೋಡ್ಕೊಳ್ಳಿ ಅಂತ ಮಿಷನ್ ಸಮೇತ ಕಳಿಸ್ತಾರೆ. ಸಕ್ಷನ್ ಮಾಡೋದು, ಅಂದ್ರೆ ಗಂಟಲಿನ ಕಫ ಮಿಷನ್ನಲ್ಲಿ ಎಳೆದು ತೆಗೆಯೋದು, ಟ್ಯೂಬಲ್ಲಿ ಊಟ ಕೊಡೋದು, ಎಲ್ಲ ನರ್ಸ್‌ಗಳು ಕೈ ಹಿಡಿದು ಕಲಿಸ್ತಾರೆ, ಅವರಿಗೆ ಪುಣ್ಯ ಬರ್ಲಿ. ಆದ್ರೆ ಮನೇಲಿ ಇದನ್ನೆಲ್ಲ ಎಲ್ಲಿಡ್ತೀರಿ, ಆ ರೂಮಲ್ಲಿ ಇನ್ಯಾರು ಮಲಗ್ತಾರೆ ಅಂತ ಯಾರೂ ಕೇಳಲ್ಲ. ಅದಕ್ಕೇ ಈ ಪತ್ರ, ಸ್ವಲ್ಪ ಉದ್ದ ಆಗುತ್ತೆ, ಬೇಕಾದ್ದು ಇಟ್ಕೊಂಡು ಮಿಕ್ಕಿದ್ದು ಕತ್ತರಿಸ್ಕೊಳ್ಳಿ.

ನಮ್ಮದು ಕುವೆಂಪುನಗರದಲ್ಲಿ ಎರಡು ಬೆಡ್‌ರೂಮಿನ ಬಾಡಿಗೆ ಮನೆ. ದೊಡ್ಡವಳು ಆರನೇ ಕ್ಲಾಸು. ಚಿಕ್ಕವನಿಗೆ ಸೆರೆಬ್ರಲ್ ಪಾಲ್ಸಿ, ಅಂದ್ರೆ ಮೆದುಳಿನ ತೊಂದರೆಯಿಂದ ಮೈ ಹಿಡಿತಕ್ಕೆ ಬರಲ್ಲ, ನುಂಗೋದು ಸರಿಯಾಗಿ ಬರಲ್ಲ, ಜೊಲ್ಲು ಕಫ ಎಲ್ಲ ಗಂಟಲಲ್ಲೇ ನಿಲ್ಲುತ್ತೆ, ಮತ್ತೆ ಮತ್ತೆ ನ್ಯುಮೋನಿಯಾ ಆಗಿ ಈಗ ಊಟ ಕೊಡೋಕೆ ನೇರ ಹೊಟ್ಟೆಗೇ ಪೆಗ್ ಟ್ಯೂಬ್ ಹಾಕಿದ್ದಾರೆ, ರಾತ್ರಿ ಹೊತ್ತು ಆಕ್ಸಿಜನ್ ಬೇಕು, ಆಗಾಗ ಫಿಟ್ಸ್ ಬರುತ್ತೆ. ಅಂದ್ರೆ 10 ಅಡಿ 11 ಅಡಿ ರೂಮಿಗೆ ಸೇರಬೇಕಾಗಿದ್ದು ಆಕ್ಸಿಜನ್ ಕಾನ್ಸನ್‌ಟ್ರೇಟರ್, ಸಕ್ಷನ್ ಮಿಷನ್, ನೆಬ್ಯುಲೈಸರ್, ಪಲ್ಸ್ ಆಕ್ಸಿಮೀಟರ್, ಕರೆಂಟ್ ಹೋದ್ರೆ ಇರ್ಲಿ ಅಂತ ಒಂದು ಸಿಲಿಂಡರ್, ಆಮೇಲೆ ಕಫ ಎಳೆಯೋ ಸಣ್ಣ ಪೈಪು ಅಂದ್ರೆ ಕ್ಯಾಥೆಟರ್, ಗ್ಲೌಸ್, ಸಿರಿಂಜ್, ಗಾಜ್ ಬಟ್ಟೆ, ಡೈಪರ್ ಅಂತ ಮುಗಿಯದ ಡಬ್ಬಗಳು. ಇದರ ಜೊತೆಗೆ ಒಬ್ಬ ಹುಡುಗಿಯ ಪುಸ್ತಕ, ಸ್ಕೇಟಿಂಗ್ ಶೂ, ಗೊಂಬೆ, ಸ್ಕೂಲ್ ಬ್ಯಾಗು.

ಅವನನ್ನ ಹಾಲ್‌ನಲ್ಲಿ ಮಲಗಿಸಿ ರೂಮು ಅವಳಿಗೇ ಬಿಟ್ಟುಬಿಡಿ ಅಂದವರು ಬೇಕಾದಷ್ಟು ಜನ. ಇನ್ನು ಕೆಲವರು, ನಮ್ಮವರೇ, ಮಿಷನ್ನೆಲ್ಲ ಬಟ್ಟೆ ಹೊದಿಸಿ ಮುಚ್ಚಿಡಿ, ಬಂದವರ ಕಣ್ಣಿಗೆ ಬೀಳ್ಬಾರ್ದು, ನಾಳೆ ಹುಡುಗೀಗೆ ಗಂಡು ನೋಡೋಕೆ ಕಷ್ಟ ಆಗುತ್ತೆ ಅಂದ್ರು, ಅವಳಿಗಿನ್ನೂ ಹನ್ನೊಂದು ವರ್ಷ ಸ್ವಾಮಿ! ಆ ಕಾರಣಕ್ಕೆ ನಾವು ಒಂದು ಕರ್ಚೀಫ್ ಕೂಡ ಹೊದಿಸಿಲ್ಲ. ಮುಚ್ಚಿಟ್ಟಿದ್ದು ಅವಳಿಗೋಸ್ಕರ, ನಿದ್ದೆಯಿಂದ ಎದ್ದು ಕಣ್ಣು ಬಿಟ್ಟ ತಕ್ಷಣ ಕಫ ತುಂಬಿದ ಜಾರ್ ಕಾಣ್ಬಾರ್ದು, ಅವಳ ಫ್ರೆಂಡ್ಸ್ ಬಂದ್ರೆ ಅದು ಅವಳ ರೂಮು ಅನ್ನಿಸ್ಬೇಕು, ಅಷ್ಟೆ. ಮರೆ ಮಾಡೋದು ಯಾರಿಗಾಗಿ ಅಂತ ಮೊದಲು ಸ್ಪಷ್ಟ ಆದ್ರೆ ಏನನ್ನ ಮರೆ ಮಾಡ್ಬೇಕು ಏನನ್ನ ಮಾಡಲೇಬಾರ್ದು ಅನ್ನೋದು ತಾನಾಗೇ ಗೊತ್ತಾಗುತ್ತೆ.

ಮಾಡಲೇಬಾರದ್ದು ಅಂದ್ರೆ ಮೊದಲನೇದು ಕಾನ್ಸನ್‌ಟ್ರೇಟರ್. ನೋಡೋಕೆ ಸಣ್ಣ ಫ್ರಿಜ್ಜಿನ ಥರ ಇರುತ್ತೆ, ನಿಮಿಷಕ್ಕೆ 5 ಲೀಟರ್ ಕೊಡೋದು 14-15 ಕೆಜಿ ತೂಗುತ್ತೆ, ಗುಂಯ್ ಅಂತ ಶಬ್ದ 40ರಿಂದ 50 ಡೆಸಿಬೆಲ್, ಜೊತೆಗೆ ನಿಮಿಷಕ್ಕೆ ಎಷ್ಟೋ ಸಲ ಟುಸ್ ಅಂತ ಉಸಿರು ಬಿಡುತ್ತೆ. ನಮ್ಮ ಬಡಗಿ ನೋಡಿದ ತಕ್ಷಣ ಅಕ್ಕ ಇದಕ್ಕೊಂದು ಪ್ಲೈವುಡ್ ಬಾಕ್ಸ್ ಮಾಡಿ ಬಾಗಿಲಿಟ್ಟುಬಿಡ್ತೀನಿ, ಮೇಲೆ ಟೀವಿ ಇಟ್ಕೋಬಹುದು ಅಂದ್ರು. ಮಿಷನ್ ಕೊಟ್ಟ ಟೆಕ್ನೀಷಿಯನ್ ಕೈ ಮುಗಿದು ಬೇಡ ಅಂದ್ರು. ಯಾಕಂದ್ರೆ ಅದು ಎಲ್ಲಿಂದಲೋ ಆಕ್ಸಿಜನ್ ತರಲ್ಲ, ರೂಮಿನ ಗಾಳೀನೇ ಎಳ್ಕೊಳುತ್ತೆ, ಗಾಳೀಲಿ ಆಕ್ಸಿಜನ್ 21 ಭಾಗ, ನೈಟ್ರೋಜನ್ 78 ಭಾಗ, ಒಳಗಡೆ ಜಿಯೋಲೈಟ್ ಅನ್ನೋ ಹರಳುಗಳು ನೈಟ್ರೋಜನ್ನನ್ನ ಹಿಡ್ಕೊಂಡು ಆಕ್ಸಿಜನ್ನನ್ನ ಮುಂದಕ್ಕೆ ಬಿಡ್ತವೆ, ಹಿಂಗೆ 90ರಿಂದ 95 ಪರ್ಸೆಂಟ್ ಆಕ್ಸಿಜನ್ ಹೊರಗೆ ಬರುತ್ತೆ. ಡಬ್ಬದೊಳಗೆ ಇಟ್ರೆ ಬಿಸಿ ಗಾಳಿ ಅಲ್ಲೇ ಸುತ್ತುತ್ತೆ, ಮಿಷನ್ ಕಾಯುತ್ತೆ, ಆಕ್ಸಿಜನ್ ಪ್ರಮಾಣ ಇಳಿಯುತ್ತೆ, ಅಲಾರಂ ಹೊಡ್ಕೊಂಡ್ರೂ ಕೇಳಲ್ಲ. ಪರದೆ ಹಿಂದೆ ಇಡೋದೂ ಅದೇ ತಪ್ಪು. ಸುತ್ತಲೂ ಒಂದು ಅಡಿ ಜಾಗ ಖಾಲಿ ಇರ್ಬೇಕು.

ಹಾಗಾಗಿ ಅದನ್ನ ರೂಮಿಂದ ಆಚೆಗೇ ಕಳಿಸಿದ್ವಿ. ಪ್ಯಾಸೇಜಲ್ಲಿ, ರಬ್ಬರ್ ಮ್ಯಾಟ್ ಮೇಲೆ ಇದೆ. ಅಲ್ಲಿಂದ ಉದ್ದ ಪೈಪು ಗೋಡೆಯ ಬುಡದಲ್ಲಿ ಸ್ಕರ್ಟಿಂಗ್ ಟೈಲ್ಸ್ ಪಕ್ಕ ಕ್ಲಿಪ್ ಹೊಡೆಸಿಕೊಂಡು ಬಾಗಿಲ ಮೂಲೆಯಿಂದ ಒಳಗೆ ಬಂದು ಮಂಚದ ಕಾಲು ಹತ್ಕೊಂಡು ಅವನ ತಲೆದಿಂಬಿನ ಹತ್ರ ಬರುತ್ತೆ. ಸಾಮಾನ್ಯವಾಗಿ 15 ಮೀಟರ್‌ವರೆಗೆ ಎಳೀಬಹುದು ಅಂತಾರೆ, ಆದ್ರೆ ನಿಮ್ಮ ಮಿಷನ್ನಿನ ಪುಸ್ತಕ ನೋಡಿ ಟೆಕ್ನೀಷಿಯನ್ ಕೇಳಿ ಆಮೇಲೆ ಮಾಡಿ, ಪೈಪ್ ಹಾಕಿದ್ಮೇಲೆ ಮಗುವಿನ ತುದೀಲಿ ಫ್ಲೋ ಸರಿ ಇದೆಯಾ ಅಂತ ಅವರ ಕೈಲೇ ನೋಡಿಸಿ. ಅಡ್ಡಾದಿಡ್ಡಿ ಜಾಯಿಂಟ್ ಬೇಡ, ಎಷ್ಟು ಜಾಯಿಂಟೋ ಅಷ್ಟು ಲೀಕ್. ನಾನು ದಿನಾ ರಾತ್ರಿ ಕ್ಯಾನುಲಾ, ಅಂದ್ರೆ ಮೂಗಿಗೆ ಹಾಕೋ ಪೈಪಿನ ತುದೀನ ಲೋಟದ ನೀರಲ್ಲಿ ಅದ್ದಿ ಗುಳ್ಳೆ ಬರುತ್ತಾ ನೋಡ್ತೀನಿ, ಇದನ್ನ ದೊಡ್ಡವಳು ದೊಡ್ಡ ಆಟ ಅಂದ್ಕೊಂಡಿದಾಳೆ. ಮಿಷನ್ ಆಚೆ ಹೋಗಿದ್ದರಿಂದ ರೂಮಲ್ಲಿ ಶಬ್ದ ಅರ್ಧಕ್ಕರ್ಧ ಕಡಿಮೆ ಆಗಿ ಅವಳ ನಿದ್ದೆ ಉಳೀತು, ಶೆಖೆ ಕಡಿಮೆ ಆಯ್ತು. ಪ್ಯಾಸೇಜಲ್ಲಿ ಅದರ ಮುಂದೆ ಒಂದು ಬೆತ್ತದ ತಡಿಕೆ ನಿಲ್ಲಿಸಿದೀವಿ, ದೊಡ್ಡ ದೊಡ್ಡ ಕಣ್ಣಿನ ನೇಯ್ಗೆ, ಗಾಳಿಗೆ ಅಡ್ಡಿ ಇಲ್ಲ, ಬಾಗಿಲಲ್ಲಿ ನಿಂತವರಿಗೆ ಏನೂ ಕಾಣಲ್ಲ. ರೂಮಿನ ಬಾಗಿಲು ಮಾತ್ರ ರಾತ್ರಿ ಮುಚ್ಚೋ ಹಾಗಿಲ್ಲ, ಅಲಾರಂ ಕೇಳ್ಬೇಕಲ್ಲ. ಧೂಳು ಹಿಡಿಯೋ ಫಿಲ್ಟರನ್ನ ವಾರಕ್ಕೊಮ್ಮೆ ತೊಳೆದು ಪೂರ್ತಿ ಒಣಗಿಸಿ ಹಾಕ್ಬೇಕು, ಅದಕ್ಕೇ ತಡಿಕೆ ಹಗುರ ಇರೋದು ಒಳ್ಳೇದು, ಒಂದೇ ಕೈಲಿ ಎತ್ತಿ ಪಕ್ಕಕ್ಕಿಡೋ ಹಾಗೆ.

ಎರಡನೇದು ಸಿಲಿಂಡರ್. ಕಪ್ಪು ಮೈ, ಬಿಳಿ ಭುಜ, ನಮ್ಮ ದೇಶದಲ್ಲಿ ಮೆಡಿಕಲ್ ಆಕ್ಸಿಜನ್ನಿಗೆ ಅದೇ ಬಣ್ಣ. ನಮ್ಮದು ಬಿ ಟೈಪ್, ತುಂಬಿದ್ರೆ ಸುಮಾರು 1500 ಲೀಟರ್, ನಿಮಿಷಕ್ಕೆ 2 ಲೀಟರ್ ಲೆಕ್ಕದಲ್ಲಿ 12 ಗಂಟೆ ಬರುತ್ತೆ. ಇದಕ್ಕೆ ಬಟ್ಟೆ ಹೊಲಿಸಿ ಹಾಕೋದು, ಬಣ್ಣ ಬಳಿಯೋದು, ಸ್ಟಿಕರ್ ಅಂಟಿಸೋದು ಯಾವುದೂ ಬೇಡ, ಲೀಕ್ ಆದ ಆಕ್ಸಿಜನ್ ಬಟ್ಟೇಲಿ ಸೇರ್ಕೊಳುತ್ತೆ, ಅಂಥ ಬಟ್ಟೆಗೆ ಒಂದು ಕಿಡಿ ಸಾಕು. ಹಾಲಿನ ಮೂಲೇಲಿ ಗೋಡೆಗೆ ಚೈನ್ ಹಾಕಿ ನೆಟ್ಟಗೆ ನಿಲ್ಲಿಸಿದೀವಿ, ಕೀ ಅದರ ಕೊರಳಿಗೇ ಕಟ್ಟಿದೆ. ಯಾರು ಬಂದ್ರೂ ಕಾಣುತ್ತೆ, ಕಾಣ್ಲಿ. ಮಗಳು ಅದನ್ನ ಬಿಳಿ ಟೋಪಿ ಮಾವ ಅಂತ ಕರೀತಾಳೆ.

ಆಕ್ಸಿಜನ್ ವಿಷಯ ಬಂತಲ್ಲ, ನಮ್ಮ ಮನೆಗಳಿಗೇ ಅಂತ ಇರೋ ಅಪಾಯಗಳನ್ನ ಹೇಳ್ಬಿಡ್ತೀನಿ, ಇವು ಮಿಷನ್ನಿನ ಇಂಗ್ಲಿಷ್ ಪುಸ್ತಕದಲ್ಲಿ ಹೀಗೆ ಬಿಡಿಸಿ ಬರೆದಿರಲ್ಲ. ಅದರಲ್ಲಿ ಸಿಗರೇಟು, ಸ್ಟವ್ ಅಂತ ಇರುತ್ತೆ. ದೇವರ ದೀಪ, ಊದಿನಕಡ್ಡಿ, ಕರ್ಪೂರ, ಮಗೂಗೆ ಎಣ್ಣೆ ನೀರು ಹಾಕಿದ್ಮೇಲೆ ಹಿಡಿಯೋ ಸಾಂಬ್ರಾಣಿ ಹೊಗೆ, ಸೊಳ್ಳೆ ಬತ್ತಿ, ಇದ್ಯಾವುದೂ ಆಕ್ಸಿಜನ್ ಹತ್ರ ಬರಕೂಡದು, ಕನಿಷ್ಠ 10 ಅಡಿ ದೂರ. ಚಟ್ ಅಂತ ಕಿಡಿ ಹಾರಿಸೋ ಸೊಳ್ಳೆ ಬ್ಯಾಟು ಕೂಡ ಬೇಡ. ನಮ್ಮತ್ತೆಗೆ ಸಾಂಬ್ರಾಣಿ ಬಿಡೋದು ಕಷ್ಟ ಆಯ್ತು, ಈಗ ಅಡುಗೆಮನೆ ಪಕ್ಕದ ದೇವರಗೂಡಲ್ಲೇ ಮುಗಿಸ್ತಾರೆ. ಮೂಗು ಒಣಗುತ್ತೆ ಅಂತ ಕೊಬ್ಬರಿ ಎಣ್ಣೆ, ವ್ಯಾಸಲೀನ್ ಹಚ್ಚೋದೂ ಬೇಡ, ಎಣ್ಣೆ ಆಕ್ಸಿಜನ್ ಎರಡೂ ಒಟ್ಟಿಗಿದ್ರೆ ಬೇಗ ಹತ್ಕೊಳುತ್ತೆ, ನೀರಿನಂಶದ ಜೆಲ್ ಸಿಗುತ್ತೆ, ಡಾಕ್ಟ್ರನ್ನ ಕೇಳಿ. ಕ್ಯಾನುಲಾ ತೆಗೆದು ಹಾಸಿಗೆ ಮೇಲೆ ಹಾಗೇ ಹಾಕಿ ಮಿಷನ್ ಆನ್ ಬಿಟ್ಟು ಹೋಗೋದು ತುಂಬ ಮನೆಗಳಲ್ಲಿ ನೋಡಿದೀನಿ, ಹೊದಿಕೆಯೆಲ್ಲ ಆಕ್ಸಿಜನ್ ಕುಡೀತಿರುತ್ತೆ, ಆಫ್ ಮಾಡಿ.

ಸೊಳ್ಳೆಗೆ ಏನು ಅಂದ್ರೆ, ಪರದೆ. ಈ ಪರದೆಯೇ ನಮಗೆ ಒಂದು ವರ ಆಯ್ತು ಅನ್ನಬೇಕು. ಇಬ್ಬರ ಮಂಚಕ್ಕೂ ಒಂದೇ ಬಣ್ಣದ ಕಾಟನ್ ಪರದೆ ಕಟ್ಟಿಸಿದ್ವಿ, ಅವಳ ಮಂಚಕ್ಕೂ ಅವನ ಮಂಚಕ್ಕೂ ನೋಡೋಕೆ ವ್ಯತ್ಯಾಸ ಇಲ್ಲ. ಅವನ ಕಡೇದಕ್ಕೆ ಹೊರಗಡೆ ದರ್ಜಿ ಹತ್ರ ಜೇಬುಗಳನ್ನ ಹೊಲಿಸಿದೆ, ಅದರಲ್ಲಿ ಆಕ್ಸಿಮೀಟರ್, ಗಾಜ್, ಚಿಕ್ಕ ಟವೆಲ್. ಅವಳೂ ಹಟ ಮಾಡಿ ತನ್ನ ಪರದೆಗೂ ಜೇಬು ಹೊಲಿಸ್ಕೊಂಡ್ಲು, ಅದರಲ್ಲಿ ಏನಿದೆ ಅಂತ ನಮಗೆ ಹೇಳಲ್ಲ.

ಇನ್ನು ಸಕ್ಷನ್ ಮಿಷನ್. ಇದು ರೂಮಿಂದ ಆಚೆ ಹೋಗೋ ಹಾಗಿಲ್ಲ, ರಾತ್ರಿ ಅವನ ಗಂಟಲು ಗೊರಗೊರ ಅಂದ್ರೆ ಲೈಟ್ ಹಾಕೋ ಮೊದಲೇ ಕೈಗೆ ಸಿಗ್ಬೇಕು, ಆದ್ರೆ ಹಗಲು ಕಣ್ಣಿಗೆ ಎಲ್ಲಕ್ಕಿಂತ ಅಸಹ್ಯ ಕಾಣೋದೂ ಇದೇ. ಅಡುಗೆಮನೇಲಿ ಈರುಳ್ಳಿ ಆಲೂಗೆಡ್ಡೆ ಇಡೋಕೆ ಚಕ್ರದ ಪ್ಲಾಸ್ಟಿಕ್ ಟ್ರಾಲಿ ಸಿಗುತ್ತಲ್ಲ, ಮೂರು ಅಂತಸ್ತಿಂದು, ಅದನ್ನ ಸಂತೇಪೇಟೆಯಿಂದ ತಂದ್ವಿ. ಮೇಲೆ ಸಕ್ಷನ್ ಮಿಷನ್, ನಡುವೆ ಕ್ಯಾಥೆಟರ್, ಗ್ಲೌಸ್, ಪೈಪ್ ತೊಳೆಯೋ ನೀರಿನ ಬಾಟಲಿ, ಕೆಳಗೆ ನೆಬ್ಯುಲೈಸರ್. ಹಳೇ ಇಳಕಲ್ ಸೀರೆಯ ಸೆರಗು ಕತ್ತರಿಸಿ ಮೇಲಿಂದ ಕೆಳಗಿನ ತನಕ ಗವಸು. ಇಲ್ಲಿ ಒಂದೇ ನಿಯಮ, ಜಿಪ್ ಇಲ್ಲ, ಗಂಟಿಲ್ಲ, ಗುಂಡಿ ಇಲ್ಲ, ಒಂದು ಎಳೆತಕ್ಕೆ ಇಡೀ ಗವಸು ಕೈಗೆ ಬರ್ಬೇಕು, ಬರೀ ವೆಲ್ಕ್ರೋ. ಹಗಲಲ್ಲಿ ಟ್ರಾಲಿ ಅವನ ಮಂಚದ ತಲೆ ಕಡೆ ಗೋಡೆಗೆ ಒತ್ಕೊಂಡಿರುತ್ತೆ, ರಾತ್ರಿ ಗವಸು ತೆಗೆದು ನಮ್ಮ ಹಾಸಿಗೆ ಪಕ್ಕ. ನಮ್ಮ ಹಾಸಿಗೆ ಅಂದ್ರೆ ಎರಡು ಮಂಚದ ಮಧ್ಯೆ ನೆಲದ ಮೇಲೆ, ಒಂದು ದಿನ ನಾನು, ಒಂದು ದಿನ ನಮ್ಮೆಜಮಾನ್ರು. ಜಾರ್‌ಗೆ ಬೇರೆ ಉಣ್ಣೆ ನೇಯ್ದ ತೋಳು, ಮುಂದುಗಡೆ ಒಂದು ಕಿಂಡಿ ಬಿಟ್ಟಿದೀನಿ, ಎಷ್ಟು ತುಂಬಿದೆ ಅಂತ ಕಾಣ್ಬೇಕು, ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಬಿಡಬಾರ್ದು. ಗವಸು ಎಷ್ಟೇ ಚೆಂದ ಇರ್ಲಿ, ಜಾರ್ ಬೆಳಿಗ್ಗೆ ಸಾಯಂಕಾಲ ಖಾಲಿ ಮಾಡಿ ತೊಳೀಲಿಲ್ಲ ಅಂದ್ರೆ ವಾಸನೆಯೇ ಎಲ್ಲ ಹೇಳ್ಬಿಡುತ್ತೆ.

ಸ್ಟಾಕ್ ಸಾಮಾನಿಗೆ ನಮ್ಮ ಮೈಸೂರಿನ ಉಪಾಯ ಒಂದಿದೆ, ಗೊಂಬೆ ಕೂರಿಸೋ ಮೆಟ್ಟಿಲು. ತವರುಮನೆಯ ಐದು ಮೆಟ್ಟಿಲಿನ ಮರದ ಸ್ಟ್ಯಾಂಡು, ವರ್ಷದಲ್ಲಿ ಹತ್ತು ದಿನ ಬಿಟ್ರೆ ಅಟ್ಟದಲ್ಲೇ ಧೂಳು ತಿಂತಿತ್ತು. ಅದನ್ನ ರೂಮಿನ ಉದ್ದ ಗೋಡೆಗೆ ಹಾಕಿದ್ವಿ. ಮೆಟ್ಟಿಲ ಮೇಲೆಲ್ಲ ಅವಳದು, ಪುಸ್ತಕ, ಚನ್ನಪಟ್ಟಣದ ಗೊಂಬೆಗಳು, ಸ್ಕೂಲಲ್ಲಿ ಗೆದ್ದ ಕಪ್ಪು. ಹಿಂದುಗಡೆ ಟೊಳ್ಳು ಜಾಗದಲ್ಲಿ ಪಕ್ಕದಿಂದ ಎಳೆಯೋ ಡಬ್ಬಗಳು, ಕ್ಯಾಥೆಟರ್ ನೀಲಿ ಡಬ್ಬ, ಹೊಟ್ಟೆ ಟ್ಯೂಬಿನ ಸಾಮಾನು ಹಸಿರು, ಡೈಪರ್ ಬಿಳಿ. ಅತ್ತೆಗೆ ಇಂಗ್ಲಿಷ್ ಬರಲ್ಲ, ಪ್ಯಾಕೆಟ್ ಮೇಲಿನ 8, 10 ಅನ್ನೋ ಸೈಜ್ ನಂಬರೂ ಕಣ್ಣಿಗೆ ಕಾಣಲ್ಲ, ಬಣ್ಣ ಹೇಳಿದ್ರೆ ತಂದ್ಕೊಡ್ತಾರೆ. ದಸರಾ ಬಂದ್ರೆ ಪುಸ್ತಕ ಇಳಿಸಿ ಪಟ್ಟದ ಗೊಂಬೆ ಕೂರಿಸ್ತೀವಿ, ಹಿಂದಿನ ಡಬ್ಬಗಳು ಇದ್ದಲ್ಲೇ ಇರ್ತವೆ, ಗೊಂಬೆ ನೋಡೋಕೆ ಬಂದವರಿಗೆ ಗೊತ್ತೇ ಆಗಲ್ಲ. ಹಿಂದೆ ಗೊಂಬೆ ಹಾಲಲ್ಲಿ ಕೂರ್ತಿತ್ತು, ಈಗ ಮಕ್ಕಳ ರೂಮಲ್ಲೇ, ಹಾಗಾಗಿ ಆ ಹತ್ತು ದಿನ ಕೇರಿ ಮಕ್ಕಳೆಲ್ಲ ಅವನ ಮಂಚದ ಪಕ್ಕವೇ ನಿಂತಿರ್ತಾರೆ. ಆರತಿ ಮಾತ್ರ ಹಾಲಲ್ಲಿ, ಸಿಲಿಂಡರಿನಿಂದ ದೂರ, ಕಾರಣ ಮೇಲೆ ಹೇಳಿದೀನಲ್ಲ.

ಮಕ್ಕಳ ಬಗ್ಗೆ ಒಂದು ಮಾತು. ಮಗಳ ಫ್ರೆಂಡ್ಸ್ ಬಂದಾಗ ಇದೇನು ಪೈಪು ಅಂತ ನೇರ ಕೇಳ್ತಾರೆ, ಅವಳು ನಮ್ಮ ತಮ್ಮಂಗೆ ರಾತ್ರಿ ಗಾಳಿ ಸಾಲಲ್ಲ ಅಂತಾಳೆ, ಮುಗೀತು, ಲೂಡೋ ಬೋರ್ಡ್ ಬಿಚ್ಕೊಳ್ತಾರೆ. ದೊಡ್ಡೋರೇ ಬಾಗಿಲಲ್ಲಿ ನಿಂತು ಲೊಚಗುಟ್ಟಿ ಒಳಗೂ ಬರದೆ ಆಚೆಗೂ ಹೋಗದೆ ಹಿಂಸೆ ಮಾಡೋದು.

ಊಟದ ಸಾಮಾನು ರೂಮಲ್ಲಿ ಇಡೋದೇ ಬೇಡ ಅಂತ ನನ್ನ ಅಭಿಪ್ರಾಯ. 50 ಎಂಎಲ್ ಸಿರಿಂಜುಗಳು ತೊಳೆದು ಹಾಲಿನ ಬಾಟಲಿ ಒಣಗಿಸೋ ಸ್ಟ್ಯಾಂಡಲ್ಲಿ ಅಡುಗೆಮನೇಲೇ ಇರ್ತವೆ, ರಾಗಿ ಸರಿಯನ್ನ ತೆಳ್ಳಗಿನ ಬಟ್ಟೇಲಿ ಸೋಸಿ ತಂದು ಕೊಟ್ಟು ಆಮೇಲೆ ನೀರು ಹಾಕಿ ಟ್ಯೂಬ್ ತೊಳೆದು ಎಲ್ಲ ವಾಪಸ್ ತಗೊಂಡು ಹೋಗೋದು. ಆಸ್ಪತ್ರೆ ಥರದ ಸ್ಟೀಲ್ ಸ್ಟ್ಯಾಂಡ್ ಬೇಡ ಅಂತ ಕಿಟಕಿ ಸರಳಿಗೆ ಒಂದು ಮರದ ಕೊಕ್ಕೆ ಸಿಗಿಸಿದೀವಿ, ಫೀಡ್ ಬಾಟಲಿ ಅದಕ್ಕೆ, ಉಳಿದ ಹೊತ್ತು ಅವಳ ಸ್ಕಿಪ್ಪಿಂಗ್ ಹಗ್ಗ ಅದಕ್ಕೆ. ಬಾಡಿಗೆ ಮನೆ, ಮೊಳೆ ಹೊಡೆಯೋ ಹಾಗಿಲ್ಲ, ಸಿಲಿಂಡರಿನ ಚೈನಿಗೆ ಒಂದು ಕಡೆ ಕೊರೆಯೋಕೆ ಓನರ್ ಒಪ್ಪಿದ್ದೇ ದೊಡ್ಡದು.

ಆಕ್ಸಿಜನ್ನಿಗೆ ತೇವ ಕೊಡೋ ಹ್ಯುಮಿಡಿಫೈಯರ್ ಬಾಟಲಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಬಗ್ಗೆ ಎಚ್ಚರ. ಯುಪಿಎಸ್ ಬ್ಯಾಟರಿಗೆ ಹಾಕೋ ನೀರಿಗೂ ಜನ ಅದೇ ಹೆಸರು ಹೇಳ್ತಾರೆ, ಕ್ಯಾನೂ ಹೆಚ್ಚುಕಮ್ಮಿ ಒಂದೇ ಥರ. ಮಗು ಉಸಿರಾಡೋದಕ್ಕೆ ಮೆಡಿಕಲ್ ಶಾಪಿಂದೇ ತರ್ಬೇಕು, ನಾವು ಧನ್ವಂತರಿ ರಸ್ತೇಲಿ ತರ್ತೀವಿ, ಬ್ಯಾಟರಿದನ್ನ ರೂಮಿನ ಹತ್ರಾನೂ ಇಡಲ್ಲ. ಬಾಟಲಿ ನೀರು ದಿನಾ ಬದಲಾಯಿಸ್ಬೇಕು. ಫಿಟ್ಸ್ ಬಂದ್ರೆ ಮೂಗಿಗೆ ಹೊಡೆಯೋ ಮಿಡಾಜೋಲಮ್ ಸ್ಪ್ರೇ ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ, ಆದ್ರೆ ಬೀಗ ಹಾಕದೆ, ಬಾಗಿಲ ಚೌಕಟ್ಟಿನ ಮೇಲೆ ಪುಟ್ಟ ಬುಟ್ಟೀಲಿದೆ, ಮನೆಯ ದೊಡ್ಡವರಿಗೆಲ್ಲ ಆ ಜಾಗ ಗೊತ್ತು. ಬೀರು ಬಾಗಿಲ ಒಳಗಡೆ ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಒಂದು ಹಾಳೆ, ಆಕ್ಸಿಜನ್ ಎಷ್ಟಿಡ್ಬೇಕು, ಯಾವ ಔಷಧಿ ಎಷ್ಟು, ಅವನ ತೂಕ, ಡಾಕ್ಟ್ರ ನಂಬರ್, 108. ಬೀರು ಮುಚ್ಚಿದ್ರೆ ಕಾಣಲ್ಲ, ತೆಗೆದ್ರೆ ಮೊದಲು ಕಾಣೋದೇ ಅದು. ಬಳಸಿ ಬಿಸಾಡೋ ಕ್ಯಾಥೆಟರ್ ಗ್ಲೌಸನ್ನ ಹಸಿಕಸಕ್ಕೆ ಸೇರಿಸ್ಬೇಡಿ, ಬೇರೆ ಸುತ್ತಿ ಕೆಂಪು ಗುರುತು ಹಾಕಿ ಕೊಡಿ, ಬರಿಗೈಲಿ ಕಸ ವಿಂಗಡಿಸೋರೂ ಮನುಷ್ಯರೇ. ಸುತ್ತೋಕೆ ನಿಮ್ಮ ಪೇಪರೇ ಬಳಸ್ತೀವಿ, ಬೇಜಾರಾಗ್ಬೇಡಿ.

ಇದೆಲ್ಲಕ್ಕಿಂತ ಮುಖ್ಯವಾಗಿದ್ದು ಅವಳ ಪಾಲು. ರೂಮಲ್ಲಿ ಒಂದು ಕಪಾಟು ಪೂರ್ತಿ ಅವಳದು, ಎಷ್ಟೇ ಜಾಗದ ಕಷ್ಟ ಇದ್ರೂ ಅದರಲ್ಲಿ ಒಂದು ಗಾಜ್ ಬಟ್ಟೆ ತುಂಡೂ ಇಡಲ್ಲ. ರಾತ್ರಿ ಟ್ಯೂಬ್‌ಲೈಟ್ ಹಾಕಲ್ಲ, ಅವನ ಮಂಚದ ಕೆಳಗೆ ಮಂದ ಹಳದಿ ಬಲ್ಬಿದೆ, ಸಕ್ಷನ್ ಮಾಡೋಕೆ ಅಷ್ಟು ಬೆಳಕು ಸಾಕು. ಇನ್ನೊಂದು, ಅವಳನ್ನ ಕಾವಲಿಗೆ ಇಟ್ಟಿಲ್ಲ. ಸಂಬಂಧಿಕರು ಎಷ್ಟು ಜಾಣೆ, ತಮ್ಮನ್ನ ರಾತ್ರಿಯೆಲ್ಲ ನೋಡ್ಕೋತಾಳೆ ಅಂತ ಹೊಗಳಿದ್ರೆ ನನಗೆ ಕೋಪ ಬರುತ್ತೆ. ಅವಳಿಗೆ ಕಲಿಸಿರೋದು ಒಂದೇ, ಏನಾದ್ರೂ ಶಬ್ದ ಬೇರೆ ಥರ ಕೇಳಿದ್ರೆ ಅಮ್ಮ ಅಂತ ಕೂಗೋದು. ಮಿಷನ್ ಮುಟ್ಟೋದು ಅವಳ ಕೆಲಸ ಅಲ್ಲ.

ಈಗ ಸರ್ಕಾರದ ಕಡೆ ಬರ್ತೀನಿ, ಯಾಕಂದ್ರೆ ಮರೆ ಮಾಡೋಕಾಗದ ಒಂದು ವಸ್ತು ಕರೆಂಟ್ ಬಿಲ್ಲು. 5 ಲೀಟರಿನ ಕಾನ್ಸನ್‌ಟ್ರೇಟರ್ ಸುಮಾರು 350 ವಾಟ್ ತಿನ್ನುತ್ತೆ. ರಾತ್ರಿ 10 ಗಂಟೆ ಹೊತ್ತು ಓಡಿದ್ರೆ ದಿನಕ್ಕೆ 3.5 ಯೂನಿಟ್, ತಿಂಗಳಿಗೆ 105. ಮಳೆಗಾಲದಲ್ಲಿ ನೆಗಡಿ ಕೆಮ್ಮು ಅಂತ ಹಗಲೂ ಹಾಕ್ಬೇಕಾಗಿ ಬಂದ್ರೆ ದಿನಕ್ಕೆ 8.4, ತಿಂಗಳಿಡೀ ಹಾಗೇ ಓಡಿದ್ರೆ 252. 2023ರಲ್ಲಿ ಶುರುವಾದ ಗೃಹಜ್ಯೋತೀಲಿ ಹಿಂದಿನ ಸರಾಸರಿ ಮೇಲೆ ಇನ್ನೊಂದಿಷ್ಟು ಸೇರಿಸಿ ಅಷ್ಟು ಫ್ರೀ, 200 ದಾಟಿದ್ರೆ ಪೂರ್ತಿ ಬಿಲ್ ಕಟ್ಬೇಕು. ಅಂದ್ರೆ ಆರೋಗ್ಯವಾಗಿರೋ ಮನೆಯ ಫ್ಯಾನು ಟೀವಿ ಫ್ರೀ, ನಮ್ಮನೇಲಿ ಮಗು ಉಸಿರಾಡಿದ್ದಕ್ಕೆ ಬಿಲ್ಲು, ಅದೂ ಅವನಿಗೆ ಹುಷಾರಿಲ್ಲದ ತಿಂಗಳಲ್ಲೇ. ಯೋಜನೆ ತಪ್ಪು ಅಂತಲ್ಲ, ನಮ್ಮಂಥವರ ನೆನಪು ಯಾರಿಗೂ ಬರ್ಲಿಲ್ಲ. ಅಂಗವಿಕಲರಿಗೆ ಕೊಡೋ ಯುಡಿಐಡಿ ಗುರುತಿನ ಕಾರ್ಡ್ ಇದೆ, ಡಾಕ್ಟ್ರ ಚೀಟಿ ಇದೆ, ಅದರ ಮೇಲೆ ಮಿಷನ್ನಿನ ಯೂನಿಟ್ಟನ್ನ ಲೆಕ್ಕದಿಂದ ಬಿಡೋದು ಏನು ಮಹಾ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಇನ್ಶೂರೆನ್ಸ್ ವರ್ಷಕ್ಕೆ 1 ಲಕ್ಷದವರೆಗೆ ಇದೆ, ಸೆರೆಬ್ರಲ್ ಪಾಲ್ಸಿ, ಆಟಿಸಂ ಮಕ್ಕಳ ಅಪ್ಪ ಅಮ್ಮ ದಯವಿಟ್ಟು ಮಾಡಿಸ್ಕೊಳ್ಳಿ, ಆಸ್ಪತ್ರೆ, ಥೆರಪಿ ಖರ್ಚಿಗೆ ಆಗುತ್ತೆ, ಆದ್ರೆ ಕರೆಂಟಿಗೆ ಬರಲ್ಲ. ಲಂಡನ್ನಲ್ಲಿರೋ ನಮ್ಮ ನಾದಿನಿ ಹೇಳ್ತಾಳೆ, ಅಲ್ಲಿ ಮನೆಗೆ ಕಾನ್ಸನ್‌ಟ್ರೇಟರ್ ಕೊಡೋ ಕಂಪನಿಯೇ ಅದಕ್ಕೆ ಖರ್ಚಾದ ಕರೆಂಟಿನ ದುಡ್ಡು ವಾಪಸ್ ಕೊಡುತ್ತಂತೆ, ಇಂಥ ಮನೆಗಳ ಹೆಸರು ಬರ್ಕೊಂಡಿಟ್ಟು ಕರೆಂಟ್ ತೆಗೆಯೋ ಮೊದಲೇ ತಿಳಿಸ್ತಾರಂತೆ.

ನಮಗಿರೋದು ಯುಪಿಎಸ್. ಅಂಗಡೀಲಿ ಸೈನ್ ವೇವ್ ಅಂತಲೇ ಕೇಳಿ ತಗೊಳ್ಳಿ, ಕಡಿಮೆ ಬೆಲೆಯ ಸ್ಕ್ವೇರ್ ವೇವ್ ಇಂಥ ಮಿಷನ್ನಿಗೆ ಒಳ್ಳೇದಲ್ಲ. 150 ಎಎಚ್ ಬ್ಯಾಟರಿ ಒಂದೇ ಇದ್ರೆ, ಹೊಸದಾದ್ರೆ ನಾಲ್ಕು ಗಂಟೆ ಹತ್ತಿರ, ಹಳೇದಾದಷ್ಟೂ ಕಡಿಮೆ. ಮಿಷನ್ ನೇರ ಗೋಡೆ ಪ್ಲಗ್ಗಿಗೇ ಇರ್ಲಿ, ಎಕ್ಸ್‌ಟೆನ್ಷನ್ ಬಾಕ್ಸಲ್ಲಿ ಫೋನ್ ಚಾರ್ಜರ್ ಜೊತೆ ಬೇಡ. ವೈರ್ ಕಾಣ್ಬಾರ್ದು ಅಂದ್ರೆ ಕೇಸಿಂಗ್ ಕ್ಯಾಪಿಂಗ್ ಹಾಕ್ಸಿ ಗೋಡೆ ಬಣ್ಣ ಹೊಡೀರಿ, ಕಾರ್ಪೆಟ್ ಕೆಳಗೆ ಓಡಿಸ್ಬೇಡಿ.

ಕೊನೇದಾಗಿ ನಿಮ್ಮಿಂದಲೇ ಆಗೋ ಕೆಲಸ ಒಂದಿದೆ. ಒಳಪುಟದ ಮೂಲೇಲಿ ವಿದ್ಯುತ್ ವ್ಯತ್ಯಯ ಅಂತ ಪುಟ್ಟ ಅಕ್ಷರದಲ್ಲಿ ಹಾಕ್ತೀರಲ್ಲ, ನಮ್ಮನೇಲಿ ಪೇಪರ್ ಬಂದ್ರೆ ಮೊದಲು ಓದೋದು ಅದನ್ನೇ, ಹೆಡ್‌ಲೈನ್ ಆಮೇಲೆ. ಎಷ್ಟೋ ಸಲ ಬೆಳಿಗ್ಗೆ 10ಕ್ಕೆ ಕರೆಂಟ್ ಹೋಗುತ್ತೆ ಅನ್ನೋ ಸುದ್ದಿ ಅದೇ ದಿನದ ಪೇಪರಲ್ಲಿ ಇರುತ್ತೆ, ಅಷ್ಟರಲ್ಲಿ ಸಿಲಿಂಡರ್ ತುಂಬಿಸ್ಕೊಂಡು ಬರೋಕೆ ಟೈಮ್ ಇರಲ್ಲ. ಒಂದು ದಿನ ಮುಂಚೆ ಹಾಕಿ, ಬಡಾವಣೆ ಹೆಸರುಗಳನ್ನ ಅಕಾರಾದಿಯಾಗಿ ಜೋಡಿಸಿ, ಜಾಹೀರಾತು ಜಾಸ್ತಿ ಬಂದ ದಿನ ಅದನ್ನೇ ಮೊದಲು ಕಿತ್ತು ಹಾಕ್ಬೇಡಿ. ನಮ್ಮ ಕಡೆಯ ಕರೆಂಟ್ ಕಂಪನಿ ಸೆಸ್ಕ್‌ನವರು ನಿಮಗೆ ತಡವಾಗಿ ಕಳಿಸ್ತಿದ್ರೆ ಅದನ್ನೂ ಬರೀರಿ, ಯಾರನ್ನ ಕೇಳ್ಬೇಕು ಅಂತ ನಮಗೆ ಗೊತ್ತಾಗ್ಲಿ.

ಇಂತಿ,
ನಿಮ್ಮ ಓದುಗಳು, ಇಬ್ಬರು ಮಕ್ಕಳ ತಾಯಿ
ಕುವೆಂಪುನಗರ, ಮೈಸೂರು